ರಾಜನ ಮದುವೆಯ ಚಿತ್ರ, ಒಂದು ಚೊಂಬು ನೀರು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ನಕ್ಕು ಸುಮ್ಮನಾಗದೆ, ಹೇಳಿದವರ ಮುಖಕ್ಕೇ "ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿದವಳು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಆರು ವರ್ಷದ ಹಿಂದೆ ಯಾರಾದರೂ ಇದನ್ನು ನನ್ನ ಮುಂದೆ ಹೇಳಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಹೊನ್ನಾಳಿಯಲ್ಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇದೆ. ಅಪ್ಪ ಇಟ್ಟ ಅಂಗಡಿ. ಅವರ ನಂತರ ನಾನೇ ನಡೆಸುತ್ತಿದ್ದೇನೆ. ಮದುವೆಯಾಗಲಿಲ್ಲ, ಯಾಕೆಂದು ಕೇಳುವವರೂ ಈಗ ಉಳಿದಿಲ್ಲ. ಅಂಗಡಿಯ ಹಿಂದಿನ ಒಂದೂವರೆ ಕೋಣೆಯೇ ಮನೆ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಡಿ, ಸಂಜೆ ಬಾಗಿಲು ಹಾಕಿದರೆ ಮನೆ. ಎರಡರ ನಡುವೆ ಮಾತಾಡಲು ಸಿಗುವವರು ಗಿರಾಕಿಗಳೇ. ಅವರ ಜೊತೆಗೂ ನಾನು ಜಗಳವಾಡುವುದೇ ಹೆಚ್ಚು ಎಂದು ಊರವರು ಹೇಳುತ್ತಾರೆ. ಅದು ಸುಳ್ಳೇನಲ್ಲ.

ಈ ಕೆಲಸದಲ್ಲಿರುವವರಿಗೆ ದೆವ್ವದ ಕಥೆಗಳಿಗೆ ಬರವಿಲ್ಲ. ನಮ್ಮಲ್ಲಿಗೆ ಬರುವ ಫೋಟೋಗಳಲ್ಲಿ ಅರ್ಧ ಸತ್ತವರವು. ಒಮ್ಮೆ ನ್ಯಾಮತಿಯ ಒಬ್ಬ ಹೆಂಗಸು ತನ್ನ ಮಾವನ ಫೋಟೋವನ್ನು ವಾಪಸ್ ತಂದು ಮೇಜಿನ ಮೇಲಿಟ್ಟಳು. "ಇವ್ರು ನಾನು ಅಡಿಗೆ ಮನೆಗೆ ಹೋದ್ರೂ ನನ್ನೇ ನೋಡ್ತಾರೆ ಕಣ್ರಿ" ಎಂದಳು. "ಎದುರಿಗೆ ಕಿಟಕಿ ಐತಾ?" ಎಂದು ಕೇಳಿದೆ. ಇದೆ ಎಂದಳು. ಗಾಜಿನಲ್ಲಿ ಬೆಳಕು ಆಡುತ್ತದೆ, ಪಕ್ಕದ ಗೋಡೆಗೆ ಹಾಕು ಎಂದು ಹೇಳಿ ಕಳಿಸಿದೆ. ಮತ್ತೆ ಬರಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಅಜ್ಜಿ ತೀರಿಕೊಂಡ ದಿನವೇ ಅಜ್ಜನ ಫೋಟೋ ಗೋಡೆಯಿಂದ ಬಿತ್ತಂತೆ. ಹೋಗಿ ನೋಡಿದರೆ ಮೊಳೆಯನ್ನು ಬರೀ ಗಾರೆಗೆ ಹೊಡೆದಿದ್ದರು. ಬೀಳದೆ ಇನ್ನೇನು ಮಾಡುತ್ತದೆ? ಇಪ್ಪತ್ತು ವರ್ಷ ಹೀಗೇ ಕಳೆದೆ. ಎಲ್ಲದಕ್ಕೂ ಒಂದು ಮೊಳೆಯೋ ಒಂದು ಕಿಟಕಿಯೋ ಸಿಗುತ್ತಿತ್ತು.

ಆರು ವರ್ಷದ ಹಿಂದೆ, ಬೇಸಿಗೆಯ ಆರಂಭದಲ್ಲಿ, ಚನ್ನಗಿರಿಯಿಂದ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬಂದರು. ಅಪ್ಪನ ಕಾಲದಿಂದಲೂ ನಮ್ಮ ಗಿರಾಕಿ. ಬಗಲಲ್ಲಿ ಒಂದು ರಟ್ಟಿನ ಕೊಳವೆ. ಅದರಿಂದ ಒಂದು ದೊಡ್ಡ ಹಾಳೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ನನ್ನ ಅಳತೆಪಟ್ಟಿ, ಸುತ್ತಿಗೆ, ಕತ್ತರಿ, ಟೀ ಲೋಟ ಇಟ್ಟರು. ಟೀ ಲೋಟವನ್ನು ನಾನು ಎತ್ತಿಕೊಂಡೆ.

"ಇದು ಫೋಟೋ ಅಲ್ಲಮ್ಮ. ತಾಮ್ರದ ತಗಡಿನ ಮ್ಯಾಲೆ ಗೀಚಿ, ಆಸಿಡ್‌ನಾಗೆ ಅದ್ದಿ, ಆಮ್ಯಾಲೆ ಶಾಯಿ ಹಾಕಿ ಕಾಗದಕ್ಕೆ ಒತ್ತಿರೋದು. ಇನ್ನೂರು ವರ್ಷದ್ದು ಇರ್ಬೇಕು" ಎಂದರು. ಎಲ್ಲೋ ಹಳೆಯ ಬಂಗಲೆಯೊಂದನ್ನು ಕೆಡವುವಾಗ ರದ್ದಿಗೆ ಹಾಕಿದ ಕಾಗದಗಳ ನಡುವೆ ಸಿಕ್ಕಿತಂತೆ.

ಅದೊಂದು ರಾಜನ ಮದುವೆಯ ನೆನಪಿಗೆ ಮಾಡಿದ ಚಿತ್ರ. ಯಾವ ರಾಜ ಎಂದು ಕೇಳಿದೆ. ಕೆಳಗಿನ ಬರಹದಲ್ಲಿ ಹೆಸರಿದ್ದ ಜಾಗವನ್ನೇ ಹುಳ ತಿಂದಿತ್ತು. ಯುರೋಪಿನ ಕಡೆಯವನು, ಅಷ್ಟು ಮಾತ್ರ ಗೊತ್ತಾಗುತ್ತದೆ ಎಂದರು. ನಡುವೆ ಒಂದು ಕಟ್ಟೆ, ಅದರ ಮೇಲೆ ಬೆಂಕಿ. ಒಂದು ಬದಿಗೆ ಕಿರೀಟ ಇಟ್ಟ ಹುಡುಗ, ಇನ್ನೊಂದು ಬದಿಗೆ ಮುಸುಕು ಹಾಕಿದ ಹುಡುಗಿ, ಬೆಂಕಿಯ ಮೇಲೆ ಇಬ್ಬರ ಕೈಗಳನ್ನು ಸೇರಿಸುತ್ತಿರುವ ರೆಕ್ಕೆಯ ಬಾಲಕ. ಸುತ್ತ ಏಳೆಂಟು ಹೆಂಗಸರು. ಮೋಡದಲ್ಲಿ ಕುಳಿತು ಕಹಳೆ ಊದುವವಳು ಕೀರ್ತಿಯಂತೆ. ಕೊಂಬಿನಿಂದ ಹಣ್ಣು ಸುರಿಯುವವಳು ಸಮೃದ್ಧಿ. ಕತ್ತಿ, ಗುರಾಣಿಗಳನ್ನು ಕಾಲಡಿ ಹಾಕಿಕೊಂಡು ನಿಂತವಳು ಶಾಂತಿ. ಹೀಗೆ ಮೇಷ್ಟ್ರು ಬೆರಳಿಟ್ಟು ಹೇಳುತ್ತ ಹೋದರು.

"ಹಂಗಾದ್ರೆ ಮದುವೆಗೆ ಬಂದೋರು ಯಾರೂ ಮನುಷ್ಯರಲ್ಲ ಅನ್ರಿ" ಎಂದೆ.

ಮೇಷ್ಟ್ರು ಜೋರಾಗಿ ನಕ್ಕರು. "ರಾಜರ ಮದುವೆಗೆ ಮನುಷ್ಯರು ಯಾಕಮ್ಮ?"

ಮದುಮಗಳ ಹಿಂದೆ, ಉಳಿದವರಿಂದ ಸ್ವಲ್ಪ ದೂರದಲ್ಲಿ ಇನ್ನೊಬ್ಬಳು ನಿಂತಿದ್ದಳು. ಉಳಿದವರೆಲ್ಲ ಮೈತುಂಬಿದ ಹೆಂಗಸರು, ಇವಳು ಮಾತ್ರ ಎಳೆಯ ಹುಡುಗಿ. ಎರಡೂ ಕೈಯಲ್ಲಿ ಒಂದು ಕೊಡವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಇವಳ್ಯಾರು ಎಂದು ಕೇಳಿದೆ. "ಅದು ಹೊಳೆ. ಮದುಮಗಳ ದೇಶದ ಹೊಳೆ, ಅವ್ಳ ಜೊತೆಗೇ ಬಂದಿರೋದು" ಎಂದರು ಮೇಷ್ಟ್ರು. ನಾನು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಗಂಡು ಹೆಣ್ಣು ಇಬ್ಬರೂ ಚೆನ್ನಾಗಿ ಬಾಳಿದರೋ ಎಂದು ಕೇಳಿದೆ. ಅಂಥ ಪ್ರಶ್ನೆ ಕೇಳುವವಳು ನಾನಲ್ಲ.

"ಚಿತ್ರ ಮಾಡ್ದೋನಿಗೆ ಅದು ಹೆಂಗೆ ಗೊತ್ತಿರುತ್ತಮ್ಮ? ಅವ್ನು ಮದುವೆ ದಿನದ್ದು ಮಾಡಿರ್ತಾನೆ" ಎಂದರು.

ಚಿತ್ರವನ್ನು ಅವರು ತಮ್ಮ ಮಗಳಿಗೆ ಕೊಡಬೇಕೆಂದಿದ್ದರು. ಹೊಸದಾಗಿ ಮನೆ ಕಟ್ಟಿಸಿದ್ದಾಳೆ, ನಡುಮನೆಯ ಗೋಡೆಗೆ ಬೇಕು ಎಂದರು. ನಮ್ಮ ಅಂಗಡಿಯಲ್ಲಿ ಅಪ್ಪ ಮಾಡಿಟ್ಟ ಒಂದು ಪದ್ಧತಿ ಇದೆ. ಎರಡಡಿಗಿಂತ ದೊಡ್ಡ ಕಟ್ಟಾದರೆ ಅದನ್ನು ಹಾಕಿದವರೇ ಒಯ್ದು, ಮೊಳೆ ಹೊಡೆದು, ಗೋಡೆಗೆ ಏರಿಸಿ ಬರಬೇಕು. ಜನ ಎಲ್ಲೆಂದರಲ್ಲಿ ಮೊಳೆ ಹೊಡೆದು, ಗಾಜು ಒಡೆದುಕೊಂಡು, ಕೊನೆಗೆ ಅಂಗಡಿಯ ಹೆಸರು ಹೇಳುತ್ತಾರೆ. ಹಾಗಾಗಿ ಗೋವಿನಕೋವಿ, ಕತ್ತಲಗೆರೆ, ಎಲ್ಲೆಲ್ಲಿಗೋ ಸುತ್ತಿಗೆ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಮಗಳ ಮನೆ ಎಲ್ಲಿ ಎಂದೆ.

ಜಗಳೂರು ಎಂದರು.

ಅದೊಂದೇ ಊರಿಗೆ ನಾನು ಹೋಗುತ್ತಿರಲಿಲ್ಲ. ಕೆಲಸ ಬಹಳ ಇದೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದು ಏನೇನೋ ಹೇಳಿದೆ. ಮೇಷ್ಟ್ರು ಒಪ್ಪಲಿಲ್ಲ. "ನಿಮ್ಮಪ್ಪ ಇದ್ದಿದ್ರೆ ಹೋಗಿರೋರು" ಎಂದುಬಿಟ್ಟರು. ರಸೀದಿ ಪುಸ್ತಕ ತೆಗೆದು ಜಗಳೂರು ಎಂದು ಬರೆದುಕೊಂಡೆ.

ಮೂರು ದಿನ ಆ ಚಿತ್ರದ ಕೆಲಸ ಮಾಡಿದೆ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದೆ. ಸುತ್ತಲೂ ದಪ್ಪ ರಟ್ಟಿನ ಮೌಂಟ್ ಬೋರ್ಡು ಕೊಟ್ಟು, ಗಾಜು ಚಿತ್ರಕ್ಕೆ ತಾಗದಂತೆ ನೋಡಿಕೊಂಡೆ. ಹಿಂದೆ ಹಲಗೆ, ಸಣ್ಣ ಮೊಳೆ, ಅಂಚಿಗೆಲ್ಲ ಕಂದು ಟೇಪು. ಒಳಗೆ ಒಂದು ಇರುವೆ ನುಗ್ಗಲೂ ಸಂದಿ ಬಿಡುವವಳಲ್ಲ ನಾನು. ಇಷ್ಟೆಲ್ಲ ಮಾಡುವಾಗ ಕೊಡ ಹಿಡಿದ ಆ ಹುಡುಗಿಯ ಮೇಲೆ ಒಂದು ಕಾಗದ ಮುಚ್ಚಿಟ್ಟುಕೊಂಡೇ ಕೆಲಸ ಮಾಡಿದೆ. ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಕುಳಿತು ಊಟ ಮಾಡುವಾಗ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಯಾಕೆಂದು ಈಗ ಹೇಳಲೇಬೇಕು, ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಮದುಮಗಳ ಹಿಂದೆ ಒಬ್ಬ ಹುಡುಗಿ ಕಳಸ ಹಿಡಿದು ನಿಲ್ಲುತ್ತಾಳೆ. ಅವಳಿಗೆ ಕಳಸಗಿತ್ತಿ ಎನ್ನುತ್ತಾರೆ. ಸಾಮಾನ್ಯವಾಗಿ ಮದುಮಗಳ ತಂಗಿ. ನಸುಕಿನಲ್ಲಿ ಹೊಳೆಗೆ ಹೋಗಿ, ಪೂಜೆ ಮಾಡಿ, ಆ ನೀರನ್ನು ಕಳಸದಲ್ಲಿ ತುಂಬಿ, ವೀಳ್ಯದೆಲೆ ಇಟ್ಟು, ಮೇಲೊಂದು ತೆಂಗಿನಕಾಯಿ ಕೂರಿಸಿ ಕೈಗೆ ಕೊಡುತ್ತಾರೆ. ಅಕ್ಷತೆ ಬೀಳುವವರೆಗೆ ಅದನ್ನು ಕೆಳಗಿಡಬಾರದು. ಕಳಸಗಿತ್ತಿ ಏನನ್ನೂ ತಿನ್ನಬಾರದು, ಒಂದು ಹನಿ ನೀರೂ ಕುಡಿಯಬಾರದು. ಆಮೇಲೆ ಆ ನೀರನ್ನೇ ಗಂಡು ಹೆಣ್ಣಿನ ಮೇಲೆ ಪ್ರೋಕ್ಷಿಸುತ್ತಾರೆ.

ನನ್ನ ಅಕ್ಕ ಗೌರಿಯ ಮದುವೆಯಲ್ಲಿ ನಾನು ಕಳಸಗಿತ್ತಿ. ಅವಳಿಗೆ ಹತ್ತೊಂಬತ್ತು, ನನಗೆ ಹನ್ನೊಂದು. ಹೊನ್ನಾಳಿಯಲ್ಲೇ ಮದುವೆ, ಗಂಡಿನವರು ಜಗಳೂರಿನವರು. ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಮುಹೂರ್ತ ತಡವಾಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಸಣ್ಣ ಕೋಣೆಯಲ್ಲಿ ಅಕ್ಕ ಕನ್ನಡಿಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದಳು, ನಾನು ಹಿಂದೆ ಕಳಸ ಹಿಡಿದು ನಿಂತಿದ್ದೆ. ಬೆಳಗಿನಿಂದ ನಿಂತು ನಿಂತು ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಹೊರಗೆ ಓಲಗ ಕೇಳಿಸಿತು. ಗಂಡು ಬಂತು ಎಂದು ಹೆಂಗಸರೆಲ್ಲ ಎದ್ದು ಓಡಿದರು. ನಾನು ತೆಂಗಿನಕಾಯಿ ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಳಸವನ್ನು ಬಾಯಿಗೆ ಹಚ್ಚಿದೆ. ಒಂದು ಗುಟುಕು ಎಂದುಕೊಂಡಿದ್ದೆ. ಕಳಸವನ್ನು ಬಾಯಿಂದ ತೆಗೆದಾಗ ನೀರು ಅರ್ಧವಾಗಿತ್ತು.

ಪ್ರೋಕ್ಷಣೆಯ ಹೊತ್ತಿಗೆ ಪುರೋಹಿತರು ಒಳಗೆ ನೋಡಿ "ನೀರು ಕಮ್ಮಿ ಆಗೈತಲ್ಲ" ಎಂದರು. ಬಿಸಿಲಿಗೆ ಇಂಗಿರಬೇಕು ಎಂದು ಯಾರೋ ಚಿಕ್ಕಮ್ಮ ಹೇಳಿದಳು. ಅಲ್ಲಿಗೆ ಮುಗಿಯಿತು.

ಮೂರನೆಯ ವರ್ಷ ಭಾವ ನಾಲ್ಕು ದಿನದ ಜ್ವರದಲ್ಲಿ ಹೋದರು. ತಿಥಿಯ ದಿನ ಜಗಳೂರಿನ ಮನೆಯಲ್ಲಿ ಜನ ತುಂಬಿದ್ದರು. ಅಕ್ಕನ ಅತ್ತೆ ಎಲ್ಲರ ಮುಂದೆ ಅಕ್ಕನ ಕಾಲ್ಗುಣ ಎತ್ತಿ ಆಡಿದಳು. ಇವಳು ಕಾಲಿಟ್ಟಿದ್ದೇ ನನ್ನ ಮಗನಿಗೆ ಮುಳುವಾಯಿತು ಎಂದಳು. ಹದಿನಾಲ್ಕು ವರ್ಷದ ನಾನು ಕಂಬದ ಪಕ್ಕ ಕುಳಿತಿದ್ದೆ. ಕಳಸದ ನೀರನ್ನು ನಾನು ಕುಡಿದಿದ್ದೆ, ಮದುವೆಯಲ್ಲಿ ತಪ್ಪಾಗಿದ್ದರೆ ಅದು ನನ್ನಿಂದ ಎಂದು ಹೇಳಿದ್ದರೆ ಸಾಕಿತ್ತು. ಬಾಯಿ ಬಿಡಲಿಲ್ಲ. ಅಕ್ಕ ತಲೆ ಎತ್ತದೆ ಕೇಳಿಸಿಕೊಂಡಳು. ಒಂದು ಸಲ ನನ್ನ ಕಡೆ ನೋಡಿದಳು, ಮತ್ತೆ ನೆಲ ನೋಡಿದಳು.

ನಾನು ಏನನ್ನೂ ನಂಬದವಳಾದದ್ದು ಅಂದಿನಿಂದ. ನೀರು ಕುಡಿದರೆ ಯಾರೂ ಸಾಯುವುದಿಲ್ಲ, ಕಳಸವೂ ಸುಳ್ಳು, ಕಾಲ್ಗುಣವೂ ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳದಿದ್ದರೆ ಭಾವನನ್ನು ಕೊಂದವಳು ನಾನೇ ಆಗಬೇಕಿತ್ತು. ಆದರೆ ಅಷ್ಟು ಗಟ್ಟಿಯಾಗಿ ನಂಬದವಳು ಅಕ್ಕನಿಗೆ ಸತ್ಯ ಹೇಳಲು ಯಾಕೆ ಹೆದರಬೇಕಿತ್ತು? ಆ ಪ್ರಶ್ನೆಯ ಹತ್ತಿರ ನಾನು ಸುಳಿಯಲಿಲ್ಲ. ಜಗಳೂರಿನ ಹತ್ತಿರವೂ ಸುಳಿಯಲಿಲ್ಲ.

ಅಕ್ಕ ತವರಿಗೆ ವಾಪಸ್ ಬರಲಿಲ್ಲ. ಜಗಳೂರಿನಲ್ಲೇ ಬೇರೆ ಬಾಡಿಗೆ ಮನೆ ಹಿಡಿದು, ಬಟ್ಟೆ ಹೊಲಿದು ಬದುಕಿದಳು. ಹಬ್ಬಕ್ಕೆ, ಅಪ್ಪ ಅಮ್ಮನ ಕಾಯಿಲೆಗೆ ಅವಳೇ ಬಂದು ಹೋಗುತ್ತಿದ್ದಳು. ಅವರಿಬ್ಬರೂ ಹೋದ ಮೇಲೆ ಅದೂ ಕಡಿಮೆಯಾಯಿತು. ಭಾನುವಾರ ಫೋನ್ ಮಾಡಿದಾಗಲೆಲ್ಲ "ಒಂದ್ಸಲ ಬಾರೇ, ನನ್ನ ಮನೆ ಹೆಂಗೈತೆ ಅಂತಾದ್ರೂ ನೋಡು" ಎನ್ನುತ್ತಿದ್ದಳು. ಆಗಲಿ ಎನ್ನುತ್ತಿದ್ದೆ. ಮೂವತ್ತೆರಡು ವರ್ಷ ಆಗಲಿ ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಗಾಜನ್ನು ಕೊನೆಯ ಸಲ ಬಟ್ಟೆಯಿಂದ ಒರೆಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ಆ ಫೋಟೋ ಈಗಲೂ ನನ್ನ ಬಳಿ ಇದೆ. ಗಾಜು ಸ್ವಚ್ಛವಾಗಿದೆ, ಒಳಗೆ ಏನೂ ಇಲ್ಲ. ನಂತರ ನ್ಯೂಸ್ ಪೇಪರ್ ಸುತ್ತಿ, ಮೇಲೆ ಹಳೆಯ ಚಾದರ ಕಟ್ಟಿ ದಾವಣಗೆರೆ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ಸು ಹಿಡಿದೆ. ಚಿತ್ರವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕುಳಿತಿದ್ದೆ.

"ಅಕ್ಕಾರೆ, ಟಿವಿನಾ? ಹಿಂದಿನ ಸೀಟಿನಾಗೆ ಇಡ್ರಿ, ಖಾಲಿ ಐತೆ" ಎಂದ ಕಂಡಕ್ಟರ್.

ಫೋಟೋ, ಕೆಳಗಿಡುವುದಿಲ್ಲ ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಒಂದು ಥರ ಕೇಳಿಸಿತು.

ಬೆಳೆ ಕೊಯ್ದ ಹೊಲಗಳು, ಮೆಕ್ಕೆಜೋಳದ ಒಣ ದಂಟು, ಕುರಿಹಿಂಡು. ಮಳೆಯ ಸುಳಿವಿಲ್ಲ, ಮೋಡವೂ ಇಲ್ಲ. ಜಗಳೂರು ಇನ್ನು ಅರ್ಧ ಗಂಟೆ ಇರುವಾಗ ಚಿತ್ರ ಭಾರವಾಗುತ್ತಿದೆ ಅನ್ನಿಸಿತು. ಕಾಲು ಜೋಮು ಹಿಡಿದಿದೆ ಎಂದುಕೊಂಡೆ. ಬಸ್ಸಿನಿಂದ ಇಳಿಯುವಾಗ ಅದನ್ನು ಎತ್ತಲು ಎರಡೂ ಕೈ ಬೇಕಾದವು. ಬೆಳಿಗ್ಗೆ ಒಂದೇ ಕೈಯಲ್ಲಿ ಎತ್ತಿದ್ದೆ.

ಮೇಷ್ಟ್ರ ಮಗಳ ಹೆಸರು ಸುಮಾ. ಶಾಲೆಯಲ್ಲಿ ಟೀಚರ್, ಅಂದು ರಜೆ ಹಾಕಿದ್ದಳು. ಮಜ್ಜಿಗೆ ಕೊಟ್ಟಳು, ಗೋಡೆ ತೋರಿಸಿದಳು. ನಡುಮನೆಯ ಚಾಪೆಯ ಮೇಲೆ ಇಬ್ಬರೂ ಸೇರಿ ಚಾದರ ಬಿಚ್ಚಿದೆವು. ಚಾದರ ಒಣಗಿತ್ತು. ಒಳಗಿನ ಪೇಪರೂ ಗರಿಗರಿಯಾಗಿತ್ತು. ಪೇಪರ್ ತೆಗೆದು ಚಿತ್ರವನ್ನು ಎತ್ತಿ ನಿಲ್ಲಿಸಿದೆ.

"ಇದೇನ್ರೀ ಇದು? ಒಳಗೆ ನೀರೈತಲ್ಲ" ಎಂದಳು ಸುಮಾ.

ಇತ್ತು. ಗಾಜಿಗೂ ಚಿತ್ರಕ್ಕೂ ನಡುವೆ, ಕೆಳಗಿನಿಂದ ಸುಮಾರು ಒಂದು ಗೇಣು ಎತ್ತರಕ್ಕೆ ನೀರು ನಿಂತಿತ್ತು. ಚಿತ್ರವನ್ನು ಸ್ವಲ್ಪ ವಾಲಿಸಿದೆ, ಅತ್ತಿತ್ತ ತೂಗಿತು. ತಿಳಿಯಾದ ನೀರು. ಎಲ್ಲೂ ಸೋರಿರಲಿಲ್ಲ. ನಾನು ಹಾಕಿದ ಪಟ್ಟಿಯ ಮೂಲೆಗಳು ನೀರು ಹಿಡಿದು ನಿಲ್ಲುವಂಥವಲ್ಲ, ಯಾವ ಕಟ್ಟಿನವೂ ಅಲ್ಲ. ಮರದ ಪಟ್ಟಿ ಅದು, ಡಬ್ಬಿಯಲ್ಲ.

ಹೆದರಿಕೆಗಿಂತ ಮೊದಲು ನನಗೆ ಬಂದದ್ದು ನಾಚಿಕೆ. ಇಷ್ಟು ವರ್ಷದಲ್ಲಿ ನನ್ನ ಕೆಲಸದಲ್ಲಿ ಒಬ್ಬರೂ ಬೆರಳು ತೋರಿಸಿರಲಿಲ್ಲ. ಒಂದು ಪಾತ್ರೆ ಕೊಡು ಎಂದೆ. ಸುಮಾ ಒಂದು ಹಿತ್ತಾಳೆ ಚೊಂಬು ತಂದಳು. ಹಿತ್ತಿಲಿಗೆ ಹೋಗಿ ಹಿಂದಿನ ಟೇಪನ್ನು ಸೀಳಿ, ಮೊಳೆಗಳನ್ನು ಸಡಿಲಿಸಿ, ಒಂದು ಮೂಲೆಯನ್ನು ಚೊಂಬಿನ ಬಾಯಿಗೆ ಹಿಡಿದೆ. ನೀರು ಸಣ್ಣಗೆ ಇಳಿಯತೊಡಗಿತು. ಮೌಂಟಿನ ದಪ್ಪ ನಾನೇ ಅಳೆದು ಕೊಯ್ದದ್ದು. ಆ ಸಂದಿಯಲ್ಲಿ ಎಷ್ಟು ನೀರು ಹಿಡಿಸಬಹುದೆಂದು ನನಗೆ ಗೊತ್ತು, ಹೆಚ್ಚೆಂದರೆ ಒಂದೆರಡು ಲೋಟ. ಅದು ಇಳಿಯುತ್ತಲೇ ಇತ್ತು. ಚೊಂಬು ಕಂಠದವರೆಗೆ ತುಂಬಿದಾಗ ನಿಂತಿತು.

ಹಲಗೆ ತೆಗೆದು ಚಿತ್ರ ಮುಟ್ಟಿ ನೋಡಿದೆ. ಒಣಗಿತ್ತು. ಮೌಂಟ್ ಬೋರ್ಡು ಒದ್ದೆ ಬೆರಳು ತಾಗಿದರೂ ಉಬ್ಬುವ ವಸ್ತು. ಅದೂ ಒಣಗಿತ್ತು. ಕೊಡ ಹಿಡಿದ ಹುಡುಗಿ ಎಲ್ಲಿದ್ದಳೋ ಅಲ್ಲೇ ಇದ್ದಳು, ಕೊಡವೂ ಅವಳ ಕೈಯಲ್ಲೇ ಇತ್ತು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾಗಿದೆಯೇನೋ ಎಂದು ಗೆರೆ ಗೆರೆ ಹುಡುಕಿದೆ.

"ನಿಮ್ಮ ಕಡೆ ಮಳೆ ಬಂತಾ?" ಎಂದು ಸುಮಾ ಕೇಳಿದಳು. ಇಲ್ಲ ಎಂದೆ. ಅವಳು ಚೊಂಬಿನ ಹತ್ತಿರ ಬಗ್ಗಿ ಮೂಸಿದಳು. "ಬೋರ್‌ವೆಲ್ ನೀರಿನಂಗಿಲ್ಲ ಕಣ್ರಿ ಇದು."

ನಾನೂ ಮೂಸಿದೆ. ಹೊಳೆಯ ನೀರು. ಹೊನ್ನಾಳಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಅದರಲ್ಲಿ ಸ್ವಲ್ಪ ವೀಳ್ಯದೆಲೆಯ ವಾಸನೆಯೂ ಇತ್ತು ಎಂದು ಹೇಳಿದರೆ ನೀವು ನನ್ನ ಮನಸ್ಸಿನ ಭ್ರಮೆ ಎನ್ನುತ್ತೀರಿ. ಇರಬಹುದು. ಅದಕ್ಕೆ ನಾನು ಹಟ ಮಾಡುವುದಿಲ್ಲ.

ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಮತ್ತೆ ಮೊಳೆ ಹೊಡೆದು, ಟೇಪು ಅಂಟಿಸಿ, ಚಿತ್ರವನ್ನು ಗೋಡೆಗೆ ಏರಿಸಿದೆ. ಇಳಿದು ನೋಡುವಷ್ಟರಲ್ಲಿ ಸುಮಾ ಚೊಂಬನ್ನು ಎತ್ತಿಕೊಂಡು ಕರಿಬೇವಿನ ಗಿಡದ ಕಡೆ ಹೊರಟಿದ್ದಳು. ಚೆಲ್ಲಬೇಡಮ್ಮ ಎಂದೆ. ನನ್ನ ಧ್ವನಿ ಹೇಗಿತ್ತೋ, ಅವಳು ಅಲ್ಲೇ ನಿಂತುಬಿಟ್ಟಳು. ಚೊಂಬು ಆಮೇಲೆ ತಂದುಕೊಡುತ್ತೇನೆ ಎಂದು ಹೇಳಿ ಅವಳ ಕೈಯಿಂದ ತೆಗೆದುಕೊಂಡು ಹೊರಗೆ ಬಂದೆ.

ಅಕ್ಕನ ಮನೆ ಅಲ್ಲಿಂದ ಎರಡು ಬೀದಿ ಆಚೆ. ನೋಡಿರಲಿಲ್ಲವಾದರೂ ವಿಳಾಸ ಬಾಯಿಪಾಠವಾಗಿತ್ತು. ಬಿಸಿಲಿನಲ್ಲಿ ತುಂಬಿದ ಚೊಂಬು ಹಿಡಿದು, ಒಂದು ಹನಿಯೂ ತುಳುಕದಂತೆ ಮೆಲ್ಲಗೆ ನಡೆದೆ. ತಿರುವಿನಲ್ಲಿ ಕಟ್ಟೆಯ ಮೇಲೆ ಕಡಲೆಕಾಯಿ ಸುಲಿಯುತ್ತ ಕುಳಿತ ಒಬ್ಬಳನ್ನು ಹೊಲಿಗೆ ಗೌರಕ್ಕನ ಮನೆ ಯಾವುದು ಎಂದು ಕೇಳಿದೆ. ತೋರಿಸಿದಳು. "ನೀರು ಒಯ್ತೀರೇನ್ರಿ? ಆಕಿ ಮನೇಲೂ ನಳ ಐತಿ" ಎಂದು ನಕ್ಕಳು. ಬೇರೆ ದಿನವಾಗಿದ್ದರೆ ಅವಳಿಗೆ ಸರಿಯಾದ ಉತ್ತರ ಸಿಗುತ್ತಿತ್ತು.

ಅಕ್ಕ ಬಾಗಿಲಿಗೆ ಎದುರಾಗಿ ಮಿಷನ್ ಮುಂದೆ ಕುಳಿತಿದ್ದಳು. ಕನ್ನಡಕದ ಮೇಲಿಂದ ನೋಡಿದಳು. ಕಾಲು ತುಳಿಯುವುದನ್ನು ನಿಲ್ಲಿಸಿದಳು. "ಬಂದ್ಯಾ" ಎಂದಳು, ಅಷ್ಟೆ. ಬಾ ಒಳಗೆ ಎನ್ನುವ ಮೊದಲೇ ನಾನು ಹೊಸ್ತಿಲಾಚೆ ಚಪ್ಪಲಿಯಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಕಳಸದ ನೀರು ಕುಡಿದದ್ದು, ಅವಳ ಅತ್ತೆ ಆಡುವಾಗ ಬಾಯಿ ಮುಚ್ಚಿಕೊಂಡು ಕುಳಿತದ್ದು, ಅದಕ್ಕೇ ಇಷ್ಟು ವರ್ಷ ಬರದೇ ಇದ್ದದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅತ್ತರೂ ಚೊಂಬನ್ನು ಕೆಳಗಿಡಲಿಲ್ಲ.

ಅಕ್ಕ ಎದ್ದು ಬಂದು ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು.

"ನಾನು ಕನ್ನಡಿಯಾಗೆ ನೋಡಿದ್ದೆ ಕಣೇ. ನಂಗೂ ಬಾಯಿ ಒಣಗಿತ್ತು. ನಂಗೊಂದು ಗುಟುಕು ಕೊಡ್ತೀಯೇನೋ ಅಂತ ಕಾಯ್ತಾ ಕೂತಿದ್ದೆ. ನೀನು ಕಾಯಿ ಮುಚ್ಚಿಬಿಟ್ಟೆ" ಎಂದಳು.

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿ ಏನ್ ಮಾಡ್ಲಿ? ನನ್ನ ಅನ್ನೋದು ಬಿಟ್ಟು ನಿನ್ನ ಅಂತಿದ್ರು. ನೀನಿನ್ನೂ ಸಣ್ಣೋಳು." ಅವಳು ಸೆರಗಿನಿಂದ ಚೊಂಬಿನ ಹೊರಮೈ ಒರೆಸಿದಳು. "ನೀರು ಕುಡ್ದಿದ್ದು ಯಾವ ದೊಡ್ಡ ವಿಷ್ಯ. ನೀನು ಬರ್ಲಿಲ್ಲಲ್ಲ. ಅದು ನಂಗೆ ಭಾಳ ಬೇಜಾರಾಗಿತ್ತು."

ಇಷ್ಟನ್ನು ಅವಳು ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಆ ನೀರು ಎಲ್ಲಿಂದ ಬಂತೆಂದೂ ಹೇಳಿದೆ. ಅವಳು ಚೊಂಬಿನೊಳಗೆ ಇಣುಕಿ, ನನ್ನ ಮುಖ ನೋಡಿ, ಒಳಗೆ ಹೋದಳು. ನೀರನ್ನು ಅಕ್ಕಿಯ ಪಾತ್ರೆಗೆ ಹೊಯ್ದು ಒಲೆಯ ಮೇಲಿಟ್ಟಳು. ಈ ಊರಿನಲ್ಲಿ ಒಳ್ಳೆಯ ನೀರನ್ನು ಯಾರೂ ಚೆಲ್ಲುವುದಿಲ್ಲ ಎಂದಳು. ಆ ಅನ್ನವನ್ನೇ ಇಬ್ಬರೂ ಉಂಡೆವು. ಅನ್ನದ ರುಚಿಯಲ್ಲಿ ವಿಶೇಷವೇನೂ ಇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಅದನ್ನು ನಾನು ಹೇಳಿದೆ, ಅವಳು ನನ್ನ ತಲೆಗೆ ಮೊಟಕಿದಳು.

ಆಮೇಲೆ ಈ ಸಂಗತಿಯನ್ನು ಮೂರು ನಾಲ್ಕು ಜನರ ಮುಂದೆ ಹೇಳಿದ್ದೇನೆ. ವಿಜ್ಞಾನದ ಮೇಷ್ಟ್ರೊಬ್ಬರು ಒಳಗಿನ ಗಾಳಿ ಬೆವರಿ ನೀರಾಗಿರುತ್ತದೆ ಎಂದರು. ಒಂದು ಚೊಂಬು ಬೆವರುತ್ತದೆಯೇ ಎಂದು ಕೇಳಿದೆ. ಬಸ್ಸಿನಲ್ಲಿ ಯಾರೋ ನೀರಿನ ಬಾಟಲಿ ಚೆಲ್ಲಿರಬೇಕು ಎಂದರು ಇನ್ನೊಬ್ಬರು. ಹಾಗಾದರೆ ಚಾದರ, ಪೇಪರು ಯಾಕೆ ಒಣಗಿದ್ದವು, ಚಿತ್ರಕ್ಕೆ ಕಲೆ ಯಾಕೆ ಬೀಳಲಿಲ್ಲ? ಚಿತ್ರ ಈಗಲೂ ಸುಮಾಳ ಮನೆಯ ಗೋಡೆಯ ಮೇಲಿದೆ. ಹೋದಾಗಲೆಲ್ಲ ನೋಡುತ್ತೇನೆ. ಮತ್ತೆಂದೂ ಅದರಲ್ಲಿ ಒಂದು ಹನಿಯೂ ಕಂಡಿಲ್ಲ. ಎಷ್ಟು ಯೋಚಿಸಿದರೂ ಇದಕ್ಕೊಂದು ಮೊಳೆಯೋ ಕಿಟಕಿಯೋ ನನಗೆ ಸಿಕ್ಕಿಲ್ಲ.

ಅಂದು ರಾತ್ರಿ ಅಕ್ಕನ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅವಳು ಬಸ್ ನಿಲ್ದಾಣದವರೆಗೆ ಬಂದಳು. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಕೆಳಗೆ ನಿಂತು, "ಅಲ್ಲ ಕಣೇ, ಆ ನೀರು ಬರದೇ ಇದ್ದಿದ್ರೆ ನೀನು ನಮ್ಮನೆಗೆ ಬರ್ತಿದ್ಯಾ?" ಎಂದು ಕೇಳಿದಳು. ಕೇಳುವಾಗ ನಗುತ್ತಲೇ ಇದ್ದಳು.

ಏನು ಕೇಳ್ತೀಯ ಬಿಡು ಎಂದೆ. ಬಸ್ಸು ಹೊರಟಿತು.

ಅವಳು ಇನ್ನೂ ನಾಲ್ಕು ವರ್ಷ ಬದುಕಿದ್ದಳು. ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಿದ್ದೆ. ಎಷ್ಟೋ ಮಾತಾಡಿದೆವು, ಆ ಪ್ರಶ್ನೆಯನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀರು ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿಯದು. ಅಕ್ಕ ಕೇಳಿದ್ದಕ್ಕೆ ಮಾತ್ರ ಉತ್ತರ ಅವತ್ತೇ ಗೊತ್ತಿತ್ತು. ಚಿತ್ರ ಏರಿಸಿ ಮುಗಿಸಿದರೆ ಮೂರು ಗಂಟೆಗೆ ವಾಪಸ್ ಬಸ್ಸು ಸಿಗುತ್ತದೆಯೇ ಎಂದು, ಜಗಳೂರಿನಲ್ಲಿ ಇಳಿಯುವಾಗಲೇ ನಾನು ಕಂಡಕ್ಟರನನ್ನು ಕೇಳಿಟ್ಟುಕೊಂಡಿದ್ದೆ.